ಚಟಕ್ಕಿಂತ ಮೊದಲು ಸುತ್ತಮುತ್ತ ನೋಡಿ: ಅಂಗವೈಕಲ್ಯ ಇರುವ ಯುವಜನರ ಮನೆಯವರಿಗೊಂದು ಮಾರ್ಗದರ್ಶಿ

ಅಂಗವೈಕಲ್ಯ ಇರುವ ಮಗ ಕುಡಿಯಲು ಶುರು ಮಾಡಿದ್ದಾನೆ, ಮಗಳು ನಿದ್ದೆ ಮಾತ್ರೆ ಜಾಸ್ತಿ ನುಂಗುತ್ತಿದ್ದಾಳೆ ಅಂತ ಗೊತ್ತಾದ ದಿನ ಮನೆಯಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, "ಇದೆಲ್ಲ ಇವರ ಕೈಗೆ ಸಿಕ್ಕಿದ್ದಾದರೂ ಹೇಗೆ?" ಇನ್ನೊಂದು, "ಪಾಪ, ಇರಲಿ ಬಿಡಿ, ಅವರಿಗೆ ಬೇರೆ ಏನು ಸುಖ ಇದೆ?" ಎರಡನೆಯ ಮಾತಿನ ಬಗ್ಗೆ ಮುಂದೆ ಹೇಳುತ್ತೇನೆ. ಮೊದಲನೆಯ ಪ್ರಶ್ನೆ ತುಂಬಾ ಒಳ್ಳೆಯದು. ಆದರೆ ನಾವು ಅದನ್ನು ಕೋಪದಲ್ಲಿ ಕೇಳಿ ಸುಮ್ಮನಾಗುತ್ತೇವೆ, ಉತ್ತರ ಹುಡುಕುವುದಿಲ್ಲ. ಹೇಗೆ ಹುಡುಕಬೇಕು ಅನ್ನುವುದೇ ಈ ಲೇಖನ.

ಅಂಗವೈಕಲ್ಯ ಇದೆ ಅಂದಮಾತ್ರಕ್ಕೆ ಯಾರಿಗೂ ಚಟ ಅಂಟುವುದಿಲ್ಲ. ಎಲ್ಲರ ಅಪಾಯ ಒಂದೇ ತರಹ ಇರುವುದೂ ಇಲ್ಲ. ಬೌದ್ಧಿಕ ಅಂಗವೈಕಲ್ಯ ಇರುವವರಲ್ಲಿ ಕುಡಿಯುವವರು ಕಡಿಮೆ. ಆದರೆ ಕುಡಿಯಲು ಶುರು ಮಾಡಿದವರಲ್ಲಿ ಅದು ತೊಂದರೆಯ ಮಟ್ಟಕ್ಕೆ ಹೋಗುವ ಸಾಧ್ಯತೆ ಜಾಸ್ತಿ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಡಪಡಿಕೆಯ ಸಮಸ್ಯೆ ಇರುವವರು ಬೇರೆಯವರಿಗಿಂತ ಬೇಗ ಶುರು ಮಾಡುತ್ತಾರೆ. ಅಪಘಾತದಲ್ಲಿ ಬೆನ್ನುಹುರಿ ಅಥವಾ ತಲೆಗೆ ಪೆಟ್ಟು ಬಿದ್ದವರಲ್ಲಿ ಎಷ್ಟೋ ಮಂದಿ ಅಪಘಾತಕ್ಕೆ ಮೊದಲೇ ಕುಡಿಯುತ್ತಿದ್ದವರು. ಅಪಘಾತದ ಹೊತ್ತಿನಲ್ಲೂ ಕುಡಿದಿದ್ದವರು ಕಡಿಮೆಯಿಲ್ಲ. ಇಷ್ಟು ಬೇರೆ ಬೇರೆ ಜನರಿದ್ದರೂ ಅಪಾಯ ಎಲ್ಲಿ ಹುಟ್ಟುತ್ತದೆ ಅಂತ ನೋಡಿದರೆ ಮತ್ತೆ ಮತ್ತೆ ಸಿಗುವುದು ಅವೇ ಜಾಗಗಳು: ಖಾಲಿ ಬಿದ್ದ ದಿನ, ಮನೆಯ ಮಾತ್ರೆ ಡಬ್ಬಿ, ಜೊತೆಗಿರುವ ಜನ, ಮನೆಯವರ ನಡವಳಿಕೆ. ನಾಲ್ಕೂ ನಾವು ಕೈ ಹಾಕಬಹುದಾದ ವಿಷಯಗಳೇ.

ಹೆಜ್ಜೆ 1: ಒಂದು ವಾರದ ದಿನಚರಿ ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಏಳು ದಿನ, ಬೆಳಗ್ಗೆಯಿಂದ ರಾತ್ರಿವರೆಗೆ ಎಲ್ಲಿದ್ದರು, ಯಾರ ಜೊತೆ ಇದ್ದರು, ಏನು ಮಾಡುತ್ತಿದ್ದರು ಅಂತ ಬರೆಯಿರಿ. ಗೂಢಚಾರರ ತರಹ ಬೇಡ. ಮಗ ಅಥವಾ ಮಗಳ ಜೊತೆ ಕೂತೇ ಬರೆಯಿರಿ. ನಾಲ್ಕನೆಯ ಒಂದು ಕಾಲಂ ಸೇರಿಸಿ: "ಇದನ್ನು ಆರಿಸಿದ್ದು ಯಾರು?"

ಆ ನಾಲ್ಕನೆಯ ಕಾಲಂ ನೋಡಿದರೆ ಗಾಬರಿಯಾಗುತ್ತದೆ. ಏಳುವ ಹೊತ್ತು, ಸ್ನಾನ, ಬಟ್ಟೆ, ಟಿವಿ ಚಾನೆಲ್, ಹೊರಗೆ ಹೋಗುವುದು, ಎಲ್ಲವನ್ನೂ ಬೇರೆಯವರೇ ಆರಿಸಿರುತ್ತಾರೆ. 20 ವರ್ಷದ ಒಬ್ಬ ವ್ಯಕ್ತಿಗೆ ಇಡೀ ದಿನದಲ್ಲಿ ತಾನಾಗಿ ಮಾಡಿದ ಒಂದೇ ಕೆಲಸ ಕದ್ದು ಸೇದಿದ ಸಿಗರೇಟ್ ಆಗಿದ್ದರೆ, ಅದನ್ನು ಅವನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಅಲ್ವಾ?

ಖಾಲಿ ಹೊತ್ತುಗಳ ಸುತ್ತ ಗೆರೆ ಹಾಕಿ. ಶಾಲೆ ಮುಗಿದ ಮೇಲಿನ ವರ್ಷಗಳು ವಿಶೇಷವಾಗಿ ಅಪಾಯದವು. ಶಾಲೆ ಇರುವಷ್ಟು ದಿನ ಟೀಚರ್, ಥೆರಪಿ, ವಾಹನ, ಗೆಳೆಯರು ಎಲ್ಲ ಇರುತ್ತಾರೆ. 18 ದಾಟುತ್ತಿದ್ದಂತೆ ಇವೆಲ್ಲ ಒಟ್ಟಿಗೇ ನಿಂತುಹೋಗುತ್ತವೆ. ಮಕ್ಕಳ ಡಾಕ್ಟರು ಇನ್ನು ನೋಡುವುದಿಲ್ಲ, ದೊಡ್ಡವರ ಡಾಕ್ಟರಿಗೆ ಇವರ ಹಿನ್ನೆಲೆ ಗೊತ್ತಿಲ್ಲ. ಅಣ್ಣ ತಮ್ಮಂದಿರು ಕಾಲೇಜಿಗೆ, ಕೆಲಸಕ್ಕೆ ಹೋಗುತ್ತಾರೆ. ಇವರು ಮನೆಯಲ್ಲೇ ಉಳಿಯುತ್ತಾರೆ. ನಿಮ್ಮ ಮಗಳಿಗೆ ಈಗ 15 ಅಥವಾ 16 ಆಗಿದ್ದರೆ, 18ರ ನಂತರದ ದಿನಚರಿ ಹೇಗಿರಬೇಕು ಅನ್ನುವ ಮಾತು ಈಗಲೇ ಶುರು ಮಾಡಿ.

ದಿನ ತುಂಬಿಸುವುದರಿಂದ ನಿಜವಾಗಿಯೂ ಪ್ರಯೋಜನ ಇದೆಯೇ? ಐಸ್‌ಲ್ಯಾಂಡ್ ದೇಶದ ಅನುಭವ ನೋಡಿ. 1998ರಲ್ಲಿ ಅಲ್ಲಿನ 15-16 ವರ್ಷದವರಲ್ಲಿ ಶೇಕಡಾ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದಾಗಿ ಹೇಳಿದ್ದರು. 2016ರ ಹೊತ್ತಿಗೆ ಆ ಪ್ರಮಾಣ ಶೇಕಡಾ 5ಕ್ಕೆ ಇಳಿದಿತ್ತು. ಅವರು ಮಕ್ಕಳಿಗೆ ಬರೀ ಉಪದೇಶ ಮಾಡಲಿಲ್ಲ. ಆಟ, ಸಂಗೀತ, ನೃತ್ಯದ ಕ್ಲಬ್ಬುಗಳಿಗೆ ಹಣ ಹಾಕಿದರು, ಅಪ್ಪ ಅಮ್ಮ ಮಕ್ಕಳ ಜೊತೆ ಹೆಚ್ಚು ಹೊತ್ತು ಕಳೆಯುವಂತೆ ಒತ್ತಾಯಿಸಿದರು, ರಾತ್ರಿ ಹೊರಗೆ ತಿರುಗುವ ಹೊತ್ತಿಗೆ ಮಿತಿ ಹಾಕಿದರು. ಅಂದರೆ ಬದಲಾಯಿಸಿದ್ದು ಸುತ್ತಲಿನ ವಾತಾವರಣವನ್ನು. ನನ್ನ ತಕರಾರು ಒಂದೇ: ಇಂಥ ಕ್ಲಬ್ ಎರಡನೆಯ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದಿದ್ದರೆ, ಅಥವಾ ಅಲ್ಲಿ ಸಂಜ್ಞೆ ಭಾಷೆ ಬಲ್ಲವರು ಯಾರೂ ಇಲ್ಲದಿದ್ದರೆ, ಆ ಯೋಜನೆ ನಮ್ಮ ಮಕ್ಕಳನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಯಾವ ಚಟುವಟಿಕೆ ಅಂತ ಹುಡುಕುವ ಮೊದಲು ಅಲ್ಲಿಗೆ ಹೋಗಿ ಬರುವುದು ಹೇಗೆ, ಅಲ್ಲಿ ಶೌಚಾಲಯ ಬಳಸಬಹುದೇ ಅಂತ ವಿಚಾರಿಸಿ. ವಾರಕ್ಕೆ ಎರಡು ದಿನ, ಅವರೇ ಆರಿಸಿದ ಒಂದು ಕೆಲಸ, ಮನೆಯ ಹೊರಗೆ. ಇಷ್ಟರಿಂದ ಶುರು ಮಾಡಿದರೆ ಸಾಕು.

ಹೆಜ್ಜೆ 2: ಮಾತ್ರೆ ಡಬ್ಬಿ ತೆರೆದು ನೋಡಿ

ಅಂಗವೈಕಲ್ಯ ಇರುವ ಮನೆಯಲ್ಲಿ ಬೇರೆ ಮನೆಗಳಿಗಿಂತ ಔಷಧಿ ಜಾಸ್ತಿ ಇರುತ್ತದೆ. ನೋವಿಗೆ ಟ್ರಮಡಾಲ್, ಫಿಟ್ಸ್ ಅಥವಾ ಆತಂಕಕ್ಕೆ ಕ್ಲೋನಜಿಪಾಮ್, ಸ್ನಾಯು ಬಿಗಿತಕ್ಕೆ ಬಾಕ್ಲೋಫೆನ್, ನರದ ನೋವಿಗೆ ಪ್ರಿಗ್ಯಾಬಲಿನ್. ಎಲ್ಲವೂ ಬೇಕಾದ ಔಷಧಿಗಳೇ. ಎಲ್ಲವನ್ನೂ ಹೇಳಿದ್ದಕ್ಕಿಂತ ಜಾಸ್ತಿ ನುಂಗಬಹುದು, ಬೇರೆಯವರಿಗೆ ಕೊಡಲೂಬಹುದು.

ಎಲ್ಲ ಔಷಧಿ ಹೊರಗೆ ತೆಗೆದು ಪಟ್ಟಿ ಮಾಡಿ. ಹೆಸರು, ಪ್ರಮಾಣ, ಯಾರು ಬರೆದದ್ದು, ಎಷ್ಟು ಮಾತ್ರೆ ಉಳಿದಿದೆ. ಹಳೆಯದನ್ನು, ನಿಲ್ಲಿಸಿದ್ದನ್ನು ಔಷಧಿ ಅಂಗಡಿಯವರನ್ನು ಕೇಳಿ ಸರಿಯಾಗಿ ವಿಲೇವಾರಿ ಮಾಡಿ. ಬೇಕಾದ್ದನ್ನು ವಾರದ ಡಬ್ಬಿಯಲ್ಲಿ ಹಾಕಿ, ಉಳಿದದ್ದಕ್ಕೆ ಬೀಗ ಹಾಕಿ. ಮಗ ವಯಸ್ಸಿಗೆ ಬಂದವನಾಗಿದ್ದರೆ ಬೀಗದ ವಿಷಯ ಅವನ ಜೊತೆ ಮಾತಾಡಿಯೇ ಮಾಡಿ. ಹಿಂದಿನಿಂದ ಮಾಡಿದರೆ ಅದು ಇನ್ನೊಂದು ಜಗಳಕ್ಕೆ ದಾರಿ.

ಇಲ್ಲಿ ಒಂದು ಎಚ್ಚರಿಕೆ. ಹೆದರಿಕೊಂಡು ಯಾವ ಮಾತ್ರೆಯನ್ನೂ ಒಮ್ಮೆಲೇ ನಿಲ್ಲಿಸಬೇಡಿ. ಕ್ಲೋನಜಿಪಾಮ್ ತರಹದ ಮಾತ್ರೆ ಥಟ್ಟನೆ ನಿಂತರೆ ಫಿಟ್ಸ್ ಬರಬಹುದು. ಬಾಕ್ಲೋಫೆನ್ ಥಟ್ಟನೆ ನಿಂತರೆ ಭ್ರಮೆ, ಜ್ವರ, ಫಿಟ್ಸ್ ಬರಬಹುದು. ಕಡಿಮೆ ಮಾಡುವುದಿದ್ದರೆ ಡಾಕ್ಟರು ಹೇಳಿದ ಹಾಗೆ, ನಿಧಾನಕ್ಕೆ. ಎಡಿಎಚ್‌ಡಿ ಮಾತ್ರೆ ಕೊಟ್ಟರೆ ಮುಂದೆ ಚಟ ಹತ್ತುತ್ತದೆ ಅನ್ನುವ ಹೆದರಿಕೆ ಅನೇಕರಿಗಿದೆ. ಡಾಕ್ಟರ ಕಣ್ಗಾವಲಿನಲ್ಲಿ ಸರಿಯಾಗಿ ಕೊಟ್ಟ ಚಿಕಿತ್ಸೆ ಆ ಅಪಾಯವನ್ನು ಹೆಚ್ಚಿಸುವುದಿಲ್ಲ. ಮಾತ್ರೆ ಬೇರೆಯವರ ಕೈಗೆ ಹೋಗದಂತೆ ನೋಡಿಕೊಂಡರೆ ಆಯಿತು.

ನೋವು ನಿಜವಾಗಿಯೂ ತಡೆಯಲಾಗದೆ ಮಾತ್ರೆ ಜಾಸ್ತಿ ಆಗುತ್ತಿದೆಯೋ ಏನೋ, ಅದನ್ನೂ ಕೇಳಿ. ಸರಿಯಾಗಿ ಕೂರದ ವೀಲ್‌ಚೇರ್, ನಿಂತುಹೋದ ಫಿಸಿಯೋಥೆರಪಿ, ಒಂದೇ ಕಡೆ ಒತ್ತಿ ಆಗುವ ಹುಣ್ಣು, ಇವುಗಳ ನೋವನ್ನು ಮಾತ್ರೆಯಲ್ಲೋ ಮದ್ಯದಲ್ಲೋ ಮುಚ್ಚುತ್ತಿರಬಹುದು. ಆಗ ಮೊದಲು ಸರಿಯಾಗಬೇಕಾದ್ದು ಕುರ್ಚಿ.

ಹೆಜ್ಜೆ 3: ಜೊತೆಗಾರರನ್ನು ದೂರುವ ಮೊದಲು

"ಆ ಗೆಳೆಯರಿಂದಲೇ ಹಾಳಾದ" ಅನ್ನುವುದು ಸುಲಭ. ಆದರೆ ಯೋಚಿಸಿ. ಮೆಟ್ಟಿಲ ಮೇಲೆ ವೀಲ್‌ಚೇರ್ ಎತ್ತಿಕೊಂಡು ಹೋಗಲು ತಯಾರಿರುವವರು ಆ ಕುಡಿಯುವ ಗುಂಪಿನವರು ಮಾತ್ರ ಆಗಿದ್ದರೆ, ಅವನು ಅವರ ಜೊತೆಗೇ ಹೋಗುತ್ತಾನೆ. ಬೇರೆಯವರು ಕರೆಯಲೇ ಇಲ್ಲ. ಆ ಗುಂಪಿನಲ್ಲಿ ಅವನು ರೋಗಿಯಲ್ಲ, "ಪಾಪ" ಅಲ್ಲ, ಎಲ್ಲರಂತೆ ಒಬ್ಬ. ಆ ಸಂಬಂಧವನ್ನು ಒಂದೇ ದಿನಕ್ಕೆ ಕತ್ತರಿಸಿ ಹಾಕಿದರೆ ಅವನ ಹತ್ತಿರ ಉಳಿಯುವುದು ಒಂಟಿತನ. ಅದು ಗುಂಪಿಗಿಂತ ಕೆಟ್ಟದ್ದು. ಮೊದಲು ಬೇರೆ ಒಬ್ಬಿಬ್ಬರು ಜೊತೆಯಾಗಲಿ. ಅದೇ ತರಹದ ಅಂಗವೈಕಲ್ಯ ಇದ್ದು, ಕೆಲಸ, ಸಂಸಾರ ಅಂತ ತನ್ನ ಬದುಕು ಕಟ್ಟಿಕೊಂಡಿರುವ ಸ್ವಲ್ಪ ದೊಡ್ಡವರೊಬ್ಬರ ಪರಿಚಯ ಮಾಡಿಸಿ. ಹತ್ತು ಸಲ ನಾವು ಹೇಳುವುದಕ್ಕಿಂತ ಅವರ ಜೊತೆ ಒಂದು ಸಂಜೆ ಕೂತರೆ ಹೆಚ್ಚು ಕೆಲಸ ಆಗುತ್ತದೆ.

ಗೆಳೆತನ ಅಲ್ಲದ್ದೂ ಇರುತ್ತದೆ, ಅದನ್ನು ಬೇರೆ ಮಾಡಿ ನೋಡಿ. ಯಾರೋ ಪುಕ್ಕಟೆ ಕುಡಿಸಿ ಅವನ ಹಣ ತೆಗೆದುಕೊಳ್ಳುತ್ತಿದ್ದಾರೆಯೇ? ಗಾಂಜಾ ಪೊಟ್ಟಣ ಸಾಗಿಸಲು ಬಳಸುತ್ತಿದ್ದಾರೆಯೇ? ಬೌದ್ಧಿಕ ಅಂಗವೈಕಲ್ಯ ಇರುವವರನ್ನು ಹೀಗೆ ಬಳಸುವುದು ಸುಲಭ, ಯಾಕೆಂದರೆ ಅವರು "ಫ್ರೆಂಡ್" ಅಂದವರನ್ನು ನಂಬುತ್ತಾರೆ. ಅಮಲು ಕೊಟ್ಟು ಲೈಂಗಿಕವಾಗಿ ಬಳಸಿಕೊಳ್ಳುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿ 2012ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಅಂಗವೈಕಲ್ಯ ಇರುವ ಮಕ್ಕಳು ಹಿಂಸೆಗೆ ಒಳಗಾಗುವ ಸಾಧ್ಯತೆ ಉಳಿದ ಮಕ್ಕಳಿಗಿಂತ 3.7 ಪಟ್ಟು ಜಾಸ್ತಿ. ಅಂಥ ಹಿಂಸೆ, ಶಾಲೆಯ ಗೇಲಿ, ಏಟು, ಇವು ಮುಂದೆ ಅಮಲಿನ ಕಡೆ ತಳ್ಳುವ ದೊಡ್ಡ ಕಾರಣಗಳು. ಒಬ್ಬರು ಇದ್ದಕ್ಕಿದ್ದಂತೆ ಕುಡಿಯಲು ಶುರು ಮಾಡಿದರೆ "ಯಾರು ಕುಡಿಸಿದರು" ಅಂತ ಕೇಳುವುದರ ಜೊತೆಗೆ "ಯಾರಾದರೂ ನಿನಗೆ ನೋವು ಮಾಡಿದರಾ" ಅಂತಲೂ ಕೇಳಿ. ನೋಡಿಕೊಳ್ಳಲು ಬರುವ ಸಹಾಯಕರ ಬಗ್ಗೆಯೂ, ನೆಂಟರ ಬಗ್ಗೆಯೂ ಇದೇ ಪ್ರಶ್ನೆ. ಅವರು ಎದುರಿಗಿಲ್ಲದಾಗ ಕೇಳಿ.

ಹೆಜ್ಜೆ 4: ಕನ್ನಡಿ ನಮ್ಮ ಕಡೆ ತಿರುಗಲಿ

ಈಗ ಆ "ಪಾಪ, ಇರಲಿ ಬಿಡಿ" ಮಾತಿಗೆ ಬರೋಣ. ಇದು ಪ್ರೀತಿಯಿಂದ ಬರುವ ಮಾತು. ಆದರೆ ಇದರ ಅರ್ಥ, ಅವರ ಬದುಕಿನಿಂದ ನಾವು ಏನನ್ನೂ ನಿರೀಕ್ಷಿಸುವುದಿಲ್ಲ ಅಂತ. ಅಣ್ಣ ಕುಡಿದು ಬಂದರೆ ಮನೆ ರಂಪ, ತಮ್ಮ ಕುಡಿದರೆ ರಿಯಾಯಿತಿ. ಹುಡುಗರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಿಯಮ ಮನೆಯ ಎಲ್ಲರಿಗೂ ಒಂದೇ ಇರಲಿ. ಸಂಜೆ ಅಪ್ಪ ಬಾಟಲಿ ತೆರೆದು ಕೂರುವ ಮನೆಯಲ್ಲಿ, ಇಡೀ ದಿನ ಅದೇ ಮನೆಯಲ್ಲಿರುವ ಮಗನಿಗೆ ಮಾತ್ರ ನಿಯಮ ಹೇಳಿದರೆ ನಡೆಯುವುದಿಲ್ಲ.

ಇನ್ನೊಂದು ತುದಿ, ಅತಿಯಾದ ಕಾವಲು. ಯಾವತ್ತೂ ಒಬ್ಬರೇ ಹೊರಗೆ ಹೋಗದವರು, ಹಣ ಕೈಯಲ್ಲಿ ಹಿಡಿಯದವರು, "ಬೇಡ" ಅಂದರೆ ಯಾರೂ ಕೇಳದೆ ಬೆಳೆದವರು ಒಂದು ದಿನ ಯಾರೋ ಗ್ಲಾಸ್ ಕೊಟ್ಟಾಗ "ಬೇಡ" ಅನ್ನುವುದನ್ನು ಎಲ್ಲಿ ಕಲಿತಿರುತ್ತಾರೆ? ಮನೆಯಲ್ಲೇ ಅಭ್ಯಾಸ ಶುರುವಾಗಲಿ. ಊಟ ಸಾಕು ಅಂದರೆ ಸಾಕು. ಈ ಅಂಗಿ ಬೇಡ ಅಂದರೆ ಬೇಡ.

ಹೆಜ್ಜೆ 5: ಈ ದೇಹಕ್ಕೆ ಯಾವುದು ಹೆಚ್ಚು ಅಪಾಯ ಅಂತ ತಿಳಿದುಕೊಳ್ಳಿ

"ಕುಡಿದರೆ ಲಿವರ್ ಹೋಗುತ್ತದೆ" ಅಂದರೆ 19 ವರ್ಷದವರಿಗೆ ಏನೂ ಅನ್ನಿಸುವುದಿಲ್ಲ. ಅವರ ದೇಹಕ್ಕೇ ಸಂಬಂಧಪಟ್ಟ ಮಾತು ಹೇಳಿ, ಕೇಳುತ್ತಾರೆ.

ಫಿಟ್ಸ್ ಇರುವವರು ಜಾಸ್ತಿ ಕುಡಿದರೆ ಅಪಾಯ ಹೆಚ್ಚುವುದು ಅಮಲು ಇಳಿಯುವಾಗ. ರಾತ್ರಿ ನಿದ್ದೆಗೆಟ್ಟು, ಮಾತ್ರೆಯನ್ನೂ ಮರೆತಿದ್ದರೆ ಇನ್ನೂ ಕೆಟ್ಟದ್ದು. ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಮಾತ್ರೆ ತೆಗೆದುಕೊಳ್ಳುವವರ ಲಿವರ್ ಮೇಲೆ ಮದ್ಯದಿಂದ ಹೊರೆ ಜಾಸ್ತಿ. ಬೆನ್ನುಹುರಿಗೆ ಎದೆಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಮೂತ್ರಕೋಶ ತುಂಬಿ ಉಬ್ಬಿದರೆ ರಕ್ತದೊತ್ತಡ ಥಟ್ಟನೆ ಅಪಾಯದ ಮಟ್ಟಕ್ಕೆ ಏರಬಹುದು. ಮದ್ಯ ಮೂತ್ರ ಹೆಚ್ಚಿಸುತ್ತದೆ, ಅಮಲಿನಲ್ಲಿ ಮೂತ್ರ ಹೊರತೆಗೆಯುವ ನಳಿಕೆ (ಕ್ಯಾತಿಟರ್) ಹಾಕಿಕೊಳ್ಳಲು ಮರೆಯುತ್ತದೆ. ಹೊರಳದೆ ಒಂದೇ ಮಗ್ಗುಲಲ್ಲಿ ಮಲಗಿದರೆ ಚರ್ಮ ಹುಣ್ಣಾಗುತ್ತದೆ, ಸಿಗರೇಟ್ ಸೇದುವವರಲ್ಲಿ ಆ ಹುಣ್ಣು ಮಾಯುವುದು ನಿಧಾನ. ಉಸಿರಾಟದ ಸ್ನಾಯು ದುರ್ಬಲ ಇರುವವರಿಗೆ ಮದ್ಯ, ನಿದ್ದೆ ಮಾತ್ರೆ, ಟ್ರಮಡಾಲ್ ಒಟ್ಟಿಗೆ ಸೇರಿದರೆ ಉಸಿರೇ ನಿಲ್ಲಬಹುದು. ಉಳಿದವರಿಗೂ ಈ ಮೂರು ಒಟ್ಟಿಗೆ ಸೇರಿದರೆ ಜೀವಕ್ಕೇ ಅಪಾಯ. ತಲೆಗೆ ಪೆಟ್ಟಾದವರಿಗೆ ಮೊದಲಿಗಿಂತ ಕಡಿಮೆ ಕುಡಿದರೂ ಅಮಲು ಜೋರು. ಪೇಂಟ್ ತಿನ್ನರ್, ಅಂಟು ಮೂಸುವುದರಿಂದ ಕಿವಿಯೂ ಹಾಳಾಗುತ್ತದೆ, ಕೇಳಿಸುವುದು ಮೊದಲೇ ಕಡಿಮೆ ಇರುವವರಿಗೆ ಇದು ಗೊತ್ತಿರಬೇಕು.

ಹೆಚ್ಚು ಮಂದಿಗೆ ಗೊತ್ತಿಲ್ಲದ ಇನ್ನೊಂದು ವಿಷಯ: ಮಾನಸಿಕ ಕಾಯಿಲೆಗೆ ಕ್ಲೋಜಪಿನ್ ಅಥವಾ ಓಲಾಂಜಪಿನ್ ತೆಗೆದುಕೊಳ್ಳುವವರು ಸಿಗರೇಟ್ ಬಿಟ್ಟರೆ ರಕ್ತದಲ್ಲಿ ಔಷಧಿಯ ಪ್ರಮಾಣ ಏರುತ್ತದೆ. ಬಿಡುವುದು ಒಳ್ಳೆಯದೇ. ಬಿಡುವ ಮುಂಚೆ ಡಾಕ್ಟರಿಗೆ ಹೇಳಿ, ಡೋಸ್ ಬದಲಾಯಿಸಬೇಕಾಗಬಹುದು.

ಹೆಜ್ಜೆ 6: ಲಕ್ಷಣ ಗುರುತಿಸಲು ಮಾಮೂಲು ಯಾವುದು ಅಂತ ಬರೆದಿಡಿ

ತೊದಲುವ ಮಾತು, ತೂರಾಡುವ ನಡಿಗೆ, ಮಂಕು ಮುಖ ಅಂತ ಎಲ್ಲ ಪಟ್ಟಿಗಳಲ್ಲೂ ಇರುತ್ತದೆ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ) ಇರುವವರಲ್ಲಿ ಇವೆಲ್ಲ ದಿನವೂ ಇರಬಹುದು. ಹಾಗಾಗಿ ಎರಡು ತರಹದ ತಪ್ಪು ಆಗುತ್ತದೆ. ಕುಡಿಯದವರನ್ನು ಕುಡುಕ ಅನ್ನುತ್ತಾರೆ. ಕುಡಿದವರನ್ನು "ಅದು ಅವರ ಕಾಯಿಲೆ" ಅಂತ ಬಿಟ್ಟುಬಿಡುತ್ತಾರೆ. ಡಾಕ್ಟರುಗಳೂ ಇದಕ್ಕೆ ಹೊರತಲ್ಲ.

ನಿಮ್ಮವರ ಮಾಮೂಲು ದಿನ ಹೇಗಿರುತ್ತದೆ ಅಂತ ಒಂದು ಪುಟ ಬರೆದಿಡಿ. ಮಾತು ಎಷ್ಟು ಸ್ಪಷ್ಟ, ನಿದ್ದೆ ಎಷ್ಟು ಹೊತ್ತು, ತಿಂಗಳಿಗೆ ಎಷ್ಟು ಫಿಟ್ಸ್, ಎಷ್ಟು ಸಲ ಬೀಳುತ್ತಾರೆ, ಹಣ ಎಷ್ಟು ಖರ್ಚಾಗುತ್ತದೆ. ನೋಡಬೇಕಾದ್ದು ಇದರಲ್ಲಿ ಆಗುವ ಬದಲಾವಣೆಯನ್ನು. ಮಾತ್ರೆ ಲೆಕ್ಕ ತಪ್ಪುವುದು, ಹೊಸದಾಗಿ ಬೀಳುವುದು, ಥೆರಪಿ ತಪ್ಪಿಸುವುದು, ಚಾರ್ಜರ್ ಹಾಕದೆ ಪವರ್ ವೀಲ್‌ಚೇರ್ ನಿಂತುಹೋಗುವುದು, ಮಾಯುತ್ತಿದ್ದ ಹುಣ್ಣು ಮತ್ತೆ ಆಗುವುದು. ಬರೀ ವಾಸನೆ ಹುಡುಕುತ್ತಾ ಕೂತರೆ ಇವು ಕಣ್ಣಿಗೆ ಬೀಳುವುದಿಲ್ಲ.

ಹೆಜ್ಜೆ 7: ಮಾತಾಡಿ, ಅವರಿಗೆ ತಿಳಿಯುವ ಹಾಗೆ

ಅಮಲಿನಲ್ಲಿರುವಾಗ ಬೇಡ, ಎಲ್ಲರ ಎದುರಿಗೂ ಬೇಡ. ಉಪದೇಶ ಕಡಿಮೆ, ಪ್ರಶ್ನೆ ಜಾಸ್ತಿ. "ಕುಡಿದಾಗ ಏನು ಚೆನ್ನಾಗಿ ಅನ್ನಿಸುತ್ತದೆ?" ಅಂತ ಮೊದಲು ಕೇಳಿ, ಆಮೇಲೆ "ಏನು ಕಷ್ಟ ಆಗುತ್ತದೆ?" ಅಂತ. 1983ರಲ್ಲಿ ವಿಲಿಯಂ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು ಕುಡಿತದ ಸಮಸ್ಯೆ ಇರುವವರ ಜೊತೆ ಮಾತಾಡುವ ಒಂದು ವಿಧಾನವನ್ನು ವಿವರಿಸಿದರು. ಅದರ ತಿರುಳು, ಬದಲಾಗುವ ಕಾರಣವನ್ನು ನಾವು ಹೇಳದೆ ಅವರ ಬಾಯಿಂದಲೇ ಬರುವಂತೆ ಮಾಡುವುದು. ಇವತ್ತೂ ಕೌನ್ಸೆಲರುಗಳು ಅದನ್ನು ಬಳಸುತ್ತಾರೆ.

ಬೌದ್ಧಿಕ ಅಂಗವೈಕಲ್ಯ ಇದ್ದರೆ ಒಂದು ಸಲಕ್ಕೆ ಒಂದೇ ವಿಷಯ. "ಸ್ವಲ್ಪ ಕುಡಿ" ಅನ್ನುವುದು ಅವರಿಗೆ ಲೆಕ್ಕಕ್ಕೆ ಸಿಗುವುದಿಲ್ಲ. ಚಿತ್ರ ತೋರಿಸಿ, ಅವರಿಂದಲೇ ಮತ್ತೆ ಹೇಳಿಸಿ. ಆಟಿಸಂ ಇರುವವರಿಗೆ ಸುತ್ತು ಬಳಸಿ ಹೇಳಬೇಡಿ. ಪಾರ್ಟಿಯಲ್ಲಿ ಗ್ಲಾಸ್ ಕೊಟ್ಟರೆ ಏನು ಹೇಳಬೇಕು ಅಂತ ಒಂದು ವಾಕ್ಯ ಮೊದಲೇ ತಯಾರು ಮಾಡಿ, "ನಾನು ಮಾತ್ರೆ ತಗೊಳ್ತೀನಿ, ಬೇಡ" ಅಂತ ನಾಟಕ ಆಡಿ ಕಲಿಸಿ. ಕಿವಿ ಕೇಳಿಸದವರಿಗೆ ತಂಗಿಯನ್ನೋ ಅಮ್ಮನನ್ನೋ ಕೂರಿಸಿ ಭಾಷಾಂತರ ಮಾಡಿಸಬೇಡಿ. ಮನೆಯವರ ಎದುರು ಯಾರು ತಾನೇ ನಿಜ ಹೇಳುತ್ತಾರೆ? ಸಂಜ್ಞೆ ಭಾಷೆಯ ದುಭಾಷಿ ಬೇಕು, ಗುಟ್ಟು ಕಾಪಾಡುವವರು ಬೇಕು. ಕಣ್ಣು ಕಾಣದವರಿಗೆ ಆಡಿಯೋ ಅಥವಾ ಬ್ರೈಲ್ ಮಾಹಿತಿ ಕೊಡಿ. ಭಿತ್ತಿಪತ್ರದ ಮೇಲಿನ ತಲೆಬುರುಡೆಯಿಂದ ಅವರಿಗೆ ಏನೂ ತಿಳಿಯುವುದಿಲ್ಲ.

ಹೆಜ್ಜೆ 8: ತಪಾಸಣೆ ಮತ್ತು ಚಿಕಿತ್ಸೆಯ ಜಾಗ

12ರಿಂದ 21 ವರ್ಷದವರಿಗೆ ಕ್ರಾಫ್ಟ್ ಅನ್ನುವ ಆರು ಪ್ರಶ್ನೆಗಳ ಪಟ್ಟಿ ಇದೆ. ಅಮಲಿನಲ್ಲಿರುವವರು ಓಡಿಸುವ ಗಾಡಿಯಲ್ಲಿ ಹೋಗಿದ್ದೀರಾ, ಆರಾಮ ಅನ್ನಿಸಲು ಬಳಸುತ್ತೀರಾ, ಒಬ್ಬರೇ ಇರುವಾಗ ಬಳಸುತ್ತೀರಾ, ಆಗ ಮಾಡಿದ್ದು ಮರೆತುಹೋಗಿದೆಯಾ, ಮನೆಯವರು ಅಥವಾ ಗೆಳೆಯರು ಕಡಿಮೆ ಮಾಡು ಅಂದಿದ್ದಾರಾ, ತೊಂದರೆಗೆ ಸಿಕ್ಕಿಬಿದ್ದಿದ್ದೀರಾ. ಎರಡು ಅಥವಾ ಅದಕ್ಕಿಂತ ಜಾಸ್ತಿ "ಹೌದು" ಬಂದರೆ ತಜ್ಞರನ್ನು ನೋಡಬೇಕು. ನಮ್ಮವರ ವಿಷಯದಲ್ಲಿ ಸ್ವಲ್ಪ ಯೋಚಿಸಿ ಕೇಳಬೇಕಾಗುತ್ತದೆ. ಇಡೀ ದಿನ ಸಹಾಯಕರು ಜೊತೆಗಿರುವವರಿಗೆ "ಒಬ್ಬರೇ ಇರುವಾಗ" ಅನ್ನುವ ಹೊತ್ತೇ ಇಲ್ಲ. ಇಡೀ ದಿನ ಒಬ್ಬರೇ ಇರುವವರಿಗೆ ಅದು ಬಿಟ್ಟು ಬೇರೆ ಹೊತ್ತಿಲ್ಲ. ಉತ್ತರದ ಜೊತೆ ಅದರ ಹಿನ್ನೆಲೆಯನ್ನೂ ಡಾಕ್ಟರಿಗೆ ಹೇಳಿ.

ಚಿಕಿತ್ಸಾ ಕೇಂದ್ರಕ್ಕೆ ಹೋಗುವ ಮೊದಲು ಫೋನ್ ಮಾಡಿ. ವೀಲ್‌ಚೇರ್ ಒಳಗೆ ಬರುತ್ತದೆಯೇ, ಶೌಚಾಲಯಕ್ಕೂ ಹೋಗುತ್ತದೆಯೇ? ಗುಂಪು ಚರ್ಚೆಗೆ ದುಭಾಷಿ ಸಿಗುತ್ತಾರೆಯೇ? ಸಹಾಯಕರು ಜೊತೆಗೆ ಉಳಿಯಬಹುದೇ? ಫಿಟ್ಸ್ ಮಾತ್ರೆ, ಸ್ನಾಯು ಬಿಗಿತದ ಮಾತ್ರೆ ನಿಲ್ಲಿಸದೆ ಮುಂದುವರಿಸುತ್ತಾರೆಯೇ? ಕೆಲವು ಕಡೆ "ಎಲ್ಲ ಮಾತ್ರೆ ಬಿಡಬೇಕು" ಅನ್ನುವ ನಿಯಮ ಇರುತ್ತದೆ, ಅಂಥ ಕಡೆ ಸೇರಿಸಬೇಡಿ. "ನಮ್ಮಲ್ಲಿ ಇಂಥವರಿಗೆ ಸೌಲಭ್ಯ ಇಲ್ಲ" ಅಂದರೆ ಅಲ್ಲಿಗೇ ನಿಲ್ಲಬೇಡಿ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 25ನೇ ವಿಧಿ, ಬೇರೆಯವರಿಗೆ ಸಿಗುವಷ್ಟೇ ಗುಣಮಟ್ಟದ ಆರೋಗ್ಯ ಸೇವೆ ಇವರಿಗೂ ಸಿಗಬೇಕು ಅನ್ನುತ್ತದೆ. ಬೇಕಾದ ಸೌಲಭ್ಯ ಏನು ಅಂತ ಬರೆದು ಕೊಡಿ, ಉತ್ತರವನ್ನೂ ಬರವಣಿಗೆಯಲ್ಲೇ ಕೇಳಿ.

ಹೆಜ್ಜೆ 9: ತುರ್ತು ಪರಿಸ್ಥಿತಿ

ದಿನವೂ ಜೋರಾಗಿ ಕುಡಿಯುತ್ತಿದ್ದವರನ್ನು ಮನೆಯಲ್ಲಿ ಕೂಡಿಹಾಕಿ ಒಂದೇ ಸಲಕ್ಕೆ ಬಿಡಿಸಬೇಡಿ. ಕೊನೆಯ ಸಲ ಕುಡಿದ ಮೇಲೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದಲ್ಲಿ ನಡುಕ, ಜ್ವರ, ಭ್ರಮೆಯ ಸ್ಥಿತಿ ಬರಬಹುದು, ಅದು ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಬಿಡಿಸುವುದೇ ಸರಿ.

ಎಬ್ಬಿಸಿದರೂ ಏಳುತ್ತಿಲ್ಲ, ಉಸಿರು ನಿಧಾನ, ತುಟಿ ನೀಲಿ ಅಂದರೆ ಆಂಬುಲೆನ್ಸ್ ಕರೆಯಿರಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ವೀಲ್‌ಚೇರಿನಲ್ಲಿ ತಲೆ ಬಾಗಿಸಿ ಕೂರಿಸಿಡಬೇಡಿ. ಉಸಿರೇ ಇಲ್ಲದಿದ್ದರೆ ಫೋನಿನಲ್ಲಿರುವವರು ಹೇಳಿದಂತೆ ಸಿಪಿಆರ್ (ಎದೆ ಮತ್ತೆ ಮತ್ತೆ ಒತ್ತಿ ರಕ್ತ ಓಡುವಂತೆ ಮಾಡುವುದು) ಶುರು ಮಾಡಿ. ಏನು, ಎಷ್ಟು ನುಂಗಿದ್ದಾರೆ ಅಂತ ಮುಚ್ಚಿಡದೆ ಹೇಳಿ, ಹೆಜ್ಜೆ 2ರ ಪಟ್ಟಿಯನ್ನು ಜೊತೆಗೆ ಕೊಡಿ. ಟ್ರಮಡಾಲ್ ತರಹದ, ಅಫೀಮು ಜಾತಿಯ ಔಷಧಿಯಿಂದ ಆಗಿದ್ದರೆ ನಲೋಕ್ಸೋನ್ ಅನ್ನುವ ಮದ್ದು ಉಸಿರನ್ನು ಮರಳಿ ತರಬಲ್ಲದು.

ಹೆಜ್ಜೆ 10: ಮತ್ತೆ ಕುಡಿದರೆ

ಕುಡಿಯುತ್ತಾರೆ. ಎಲ್ಲರೂ ಅಲ್ಲ, ಆದರೆ ಹೆಚ್ಚಿನವರು ಒಂದೆರಡು ಸಲವಾದರೂ ಜಾರುತ್ತಾರೆ. ಆ ದಿನ ಮತ್ತೆ ನೋಟ್‌ಬುಕ್ ತೆಗೆಯಿರಿ. ಆ ವಾರ ಏನು ಬದಲಾಗಿತ್ತು? ಕ್ಲಬ್ಬಿಗೆ ಕರೆದುಕೊಂಡು ಹೋಗುವ ಗಾಡಿ ಬಂದಿರಲಿಲ್ಲವೇ? ಸಹಾಯಕರು ರಜೆಯಲ್ಲಿದ್ದರೇ? ನೋವು ಜಾಸ್ತಿಯಾಗಿತ್ತೇ? ಇಂಟರ್‌ವ್ಯೂನಲ್ಲಿ ಯಾರಾದರೂ ಅವಮಾನ ಮಾಡಿದ್ದರೇ? ಕಾರಣ ಸಿಕ್ಕರೆ ಮೊದಲು ಅದನ್ನು ಸರಿಪಡಿಸಿ, ಆ ಗಾಡಿಯವರಿಗೆ ಅವತ್ತೇ ಫೋನ್ ಮಾಡಿ. ಕಾರಣ ಸಿಗದಿದ್ದರೆ ಕೌನ್ಸೆಲರ್ ಹತ್ತಿರ ಹೋಗುವುದನ್ನು ಮುಂದೂಡದೆ ಇನ್ನೂ ಬೇಗ ಹೋಗಿ, ನೋಟ್‌ಬುಕ್ ಜೊತೆಗೆ ಒಯ್ಯಿರಿ.